ರನ್‌ವೇ ಇನ್ನು ಹತ್ತಡಿ ಇರೋವಾಗ ಸ್ಕ್ರೀನ್ ನಿಂತ್ಹೋದ್ರೆ

ವಿಮಾನ ಇಳಿಸೋವಾಗ ಒಂದು ಗಳಿಗೆ ಬರುತ್ತೆ. ರನ್‌ವೇ ತುದಿ ದಾಟಿರುತ್ತೆ, ನೆಲ ಇನ್ನು ಇಪ್ಪತ್ತು ಅಡಿ ಇರುತ್ತೆ, ಪವರ್ ಪೂರ್ತಿ ಇಳಿಸಿರ್ತೀವಿ, ಇನ್ನೇನು ಮೂತಿನ ಮೆಲ್ಲಗೆ ಮೇಲಕ್ಕೆತ್ತಬೇಕು. ಎಷ್ಟು ಎತ್ತಬೇಕು, ಯಾವಾಗ ಎತ್ತಬೇಕು ಅಂತ ಹೇಳೋ ಮೀಟರ್ ಆ ಪುಟ್ಟ ಸೆಸ್ನಾದಲ್ಲಿ ಯಾವುದೂ ಇಲ್ಲ, ರನ್‌ವೇ ಅಗಲ ಆಗ್ತಾ ಆಗ್ತಾ ಕಣ್ಣಿಗೆ ಎದ್ದು ಬರೋ ವೇಗ ನೋಡ್ಕೊಂಡೇ ಕೈ ಕೆಲಸ ಮಾಡ್ಬೇಕು. ಇದಕ್ಕೆ ಫ್ಲೇರ್ ಅಂತಾರೆ. ನನ್ನ ಹಳೇ ಕಂಪ್ಯೂಟರ್ ಸರಿಯಾಗಿ ಈ ಗಳಿಗೆಗೇ ಕಾದಿದ್ದು ಒಂದ್ಸಲ ತಡವರಿಸೋದು. ಅರ್ಧ ಸೆಕೆಂಡ್, ಅಷ್ಟೇ. ಚಿತ್ರ ನಿಂತು ಮತ್ತೆ ಹೊರಡೋ ಅಷ್ಟರಲ್ಲಿ ಚಕ್ರ ನೆಲಕ್ಕೆ ಬಡಿದು ವಿಮಾನ ಕಪ್ಪೆ ಥರ ಕುಪ್ಪಳಿಸ್ತಾ ಇರೋದು.

ನಾನೇನು ಪೈಲಟ್ ಅಲ್ಲ. ತುಮಕೂರಲ್ಲಿ ಬ್ಯಾಂಕ್ ಕೆಲಸ, ವಿಮಾನ ಹತ್ತಿರೋದು ಜೀವನದಲ್ಲಿ ನಾಲ್ಕು ಸಲ, ಅದ್ರಲ್ಲಿ ಮೂರು ಸಲ ಕಿಟಕಿ ಸೀಟೂ ಸಿಕ್ಕಿಲ್ಲ. ಆದ್ರೆ ಸಿಮ್ಯುಲೇಟರ್, ಅಂದ್ರೆ ಕಂಪ್ಯೂಟರಲ್ಲೇ ಕೂತು ವಿಮಾನ ಹಾರಿಸೋ ಆಟದ ಹುಚ್ಚು ಕಾಲೇಜ್ ದಿನದಿಂದ ಹಿಡಿದಿದ್ದು. ಸೈಬರ್ ಸೆಂಟರಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಫ್ಲೈಟ್ ಸಿಮ್ಯುಲೇಟರ್ 98 ಆಡ್ತಿದ್ವಿ. ಶುರು ಮಾಡಿದ ತಕ್ಷಣ ಅದು ನಮ್ಮನ್ನ ಶಿಕಾಗೋದ ಮೀಗ್ಸ್ ಫೀಲ್ಡಲ್ಲಿ ತಂದು ನಿಲ್ಲಿಸೋದು, ಸರೋವರದ ದಂಡೇಲಿ ಒಂದೇ ರನ್‌ವೇ ಇರೋ ಪುಟ್ಟ ಏರ್‌ಪೋರ್ಟು. 2003ರಲ್ಲಿ ಅದನ್ನ ಮುಚ್ಚಿಬಿಟ್ರು ಅಂತ ಗೊತ್ತಾದಾಗ, ಒಂದ್ಸಲಾನೂ ಕಾಲಿಡದ ಜಾಗ ಅದು, ಆದ್ರೂ ನಮ್ಮೂರ ಟಾಕೀಸ್ ಮುಚ್ಚಿದಾಗ ಆದಷ್ಟೇ ಬೇಜಾರಾಯ್ತು.

ಮನೆ ಕಂಪ್ಯೂಟರ್ ತಗೊಂಡಿದ್ದು 2018ರ ಕೊನೇಲಿ. ರೈಜನ್ 3 2200ಜಿ ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್ ಒಂದೇ ಕಡ್ಡಿ, 1 ಟಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೊತೆ ಬಂದಿದ್ದ ಯಾವ್ದೋ ಒಂದು ಎಸ್‌ಎಂಪಿಎಸ್ (ಒಳಗಿನ ಭಾಗಕ್ಕೆಲ್ಲ ಕರೆಂಟ್ ಕೊಡೋ ಡಬ್ಬಿ). ಮಗಳ ಓದಿಗೆ ಅಂತ ಹೇಳಿ ತಂದಿದ್ದು, ಅದು ಅರ್ಧ ನಿಜ. 2020ರ ಆಗಸ್ಟಲ್ಲಿ ಮೈಕ್ರೋಸಾಫ್ಟ್‌ನೋರ ಹೊಸ ಫ್ಲೈಟ್ ಸಿಮ್ಯುಲೇಟರ್ ಬಂತು, ಇಡೀ ಭೂಮಿನ ಉಪಗ್ರಹದ ಚಿತ್ರದಿಂದ ಕಟ್ಟಿರೋದು, ನಾವು ಹಾರ್ತಾ ಹೋದ ಹಾಗೆ ನೆಲ ಇಂಟರ್‌ನೆಟ್ಟಿಂದ ಇಳಿದು ಬರುತ್ತೆ. ಮಿನಿಮಮ್ ಏನು ಬೇಕು ಅಂತ ನೋಡಿದ್ರೆ 8 ಜಿಬಿ ರ‍್ಯಾಮ್, 150 ಜಿಬಿ ಜಾಗ ಅಂತಿತ್ತು. ರ‍್ಯಾಮೂ ಇದೆ, ಜಾಗಾನೂ ಇದೆ ಅಂತ ಖುಷಿಯಾದೆ, ಸ್ಕ್ರೀನ್ ಮೇಲಿನ ಚಿತ್ರ ಬರೆಯೋ ಗ್ರಾಫಿಕ್ಸ್ ಕಾರ್ಡ್ ಸಾಲನ್ನ ಓದಿಯೂ ಓದದ ಹಾಗೆ ಬಿಟ್ಟೆ. ಈ ಮಿನಿಮಮ್ ಅನ್ನೋದು ಹಾಸ್ಟೆಲ್ ಊಟ ಇದ್ದಂಗೆ, ಉಪವಾಸ ಸಾಯಲ್ಲ, ಅಷ್ಟೇ. ನಾಲ್ಕು ರಾತ್ರಿ ಡೌನ್‌ಲೋಡ್ ಆಯ್ತು. ಯೂರೋಪಲ್ಲಿ ಇದನ್ನ ಹತ್ತು ಡಿವಿಡಿ ಹಾಕಿ ಡಬ್ಬದಲ್ಲೂ ಮಾರಿದ್ರು, ಆಗ ನಗು ಬಂದಿತ್ತು, ಮೂರನೇ ರಾತ್ರಿ ನೆಟ್ ಕಟ್ಟಾದಾಗ ಆ ಡಬ್ಬದ ಬೆಲೆ ಗೊತ್ತಾಯ್ತು. ಆಮೇಲೆ ಬೆಂಗಳೂರಿನ ಪುಟ್ಟ ಏರ್‌ಫೀಲ್ಡ್ ಜಕ್ಕೂರಿಂದ ಹಾರಿಸಿದೆ. ಹಾರ್ತು ಅಂತ ಹೇಳೋಕಾಗಲ್ಲ, ಒಂದೊಂದೇ ಫೋಟೋ ತೋರಿಸ್ತು.

ಆಗ ಕಾರ್ಡ್ ತಗೊಳ್ಳೋ ಹಾಗೇ ಇರಲಿಲ್ಲ. 2021 ಪೂರ್ತಿ ಕ್ರಿಪ್ಟೋ ಗಣಿಗಾರಿಕೆಯೋರು, ಅಂದ್ರೆ ಕಾರ್ಡಲ್ಲಿ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸೋರು, ಎಲ್ಲಾ ಕಾರ್ಡ್ ಬಾಚ್ಕೊಂಡು ಹೋಗಿದ್ರು, ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಮಾರ್ಕೆಟ್ ಎಸ್‌ಪಿ ರೋಡಲ್ಲಿ ರೇಟ್ ಕೇಳಿದ್ರೆ ಅಂಗಡಿಯೋರಿಗೇ ಹೇಳೋಕೆ ಮುಜುಗರ. ನಾನು ಫ್ಲೈಟ್‌ಗೇರ್ ಅನ್ನೋ ಇನ್ನೊಂದು ಸಿಮ್ಯುಲೇಟರ್ ಹಾಕ್ಕೊಂಡು ಕಾಲ ತಳ್ಳಿದೆ. ಅದು ಪುಕ್ಸಟ್ಟೆ, ಹಳೇ ಮಷೀನಲ್ಲೂ ಓಡುತ್ತೆ, ನೋಡೋಕೆ ಸಪ್ಪೆ, ಆದ್ರೆ ಹಾರೋದು ಕಲಿಯೋಕೆ ಏನೂ ಕಮ್ಮಿ ಇಲ್ಲ, ದುಡ್ಡಿಲ್ಲ ಅಂತ ಸುಮ್ನೆ ಕೂತಿರೋರು ಅದರಿಂದ ಶುರು ಮಾಡಬಹುದು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಅನ್ನೋ ಕ್ರಿಪ್ಟೋ ನಾಣ್ಯದೋರು ಗಣಿಗಾರಿಕೆ ಪದ್ಧತಿನೇ ಕೈಬಿಟ್ರು, ಪ್ರಪಂಚದಲ್ಲಿ ಎಲ್ಲೆಲ್ಲೋ ಶೆಡ್ಡುಗಳಲ್ಲಿ ಓಡ್ತಿದ್ದ ಕಾರ್ಡೆಲ್ಲ ಒಂದೇ ಸಲ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬಂದ್ಬಿಡ್ತು. ಅದೇ ಹೊತ್ತಿಗೆ ಆಫೀಸಿನ ಚೀಟೀಲಿ ನನ್ನ ಹೆಸರು ಎದ್ದಿತ್ತು. ಮೂವತ್ತು ಸಾವಿರ. ಮನೇಲಿ ಮುಂಚೇನೇ ಮಾತಾಗಿತ್ತು, ಈ ಸಲದ್ದು ನಿಮ್ಮ ಏರೋಪ್ಲೇನಿಗೆ, ಮುಂದಿನ ಸಲದ್ದು ಕಿಚನ್‌ಗೆ ಅಂತ.

ಬೆಳಗಿನ ಟ್ರೈನ್ ಹತ್ತಿ ಮೆಜೆಸ್ಟಿಕ್, ಅಲ್ಲಿಂದ ಒಂದೇ ಸ್ಟಾಪ್ ಮೆಟ್ರೋಲಿ ಚಿಕ್ಕಪೇಟೆ, ಆಮೇಲೆ ನಡ್ಕೊಂಡು ಎಸ್‌ಪಿ ರೋಡ್. ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಳ್ಳೋದು ಸಂತೇಲಿ ದನ ತಗೊಂಡಂಗೆ, ಹಲ್ಲು ನೋಡ್ಬೇಕು. ಫ್ಯಾನ್ ಕೈಯಲ್ಲಿ ತಿರುಗಿಸಿ ಅಲ್ಲಾಡುತ್ತಾ ನೋಡಿದೆ, ಬಿಸಿ ಹೊರಗೆ ಹಾಕೋ ಲೋಹದ ಹೀಟ್‌ಸಿಂಕ್ ಸಂದೀಲಿ ಎಣ್ಣೆ ಸೋರಿರೋ ಗುರುತಿದ್ಯಾ ನೋಡಿದೆ (ಬಹಳ ದಿನ ಬಿಸೀಲಿ ಓಡಿದ ಕಾರ್ಡಿನ ಪ್ಯಾಡಿಂದ ಎಣ್ಣೆ ಜಿನುಗುತ್ತೆ), ಸ್ಕ್ರೂ ತಲೆ ಸವೆದಿದ್ಯಾ ನೋಡಿದೆ, ಕೊನೆಗೆ ಮೂಸಿಯೂ ನೋಡಿದೆ. ಅಂಗಡಿ ಹುಡುಗ ನಕ್ಕ. "ಸರ್, ಹತ್ತು ನಿಮಿಷ ಟೆಸ್ಟ್ ಓಡಿಸ್ತೀನಿ, ಕಾಫಿ ಕುಡೀರಿ" ಅಂದ. ಜಿಟಿಎಕ್ಸ್ 1660 ಸೂಪರ್, 6 ಜಿಬಿ, ಹನ್ನೊಂದೂವರೆ ಸಾವಿರಕ್ಕೆ ಮುಗೀತು. ಅದಕ್ಕೆ 8 ಪಿನ್ನಿನ ಪವರ್ ವೈರ್ ಬೇಕು, ನನ್ನ ಎಸ್‌ಎಂಪಿಎಸ್‌ನಲ್ಲಿ ಇಲ್ಲ. ಡಿವಿಡಿ ಡ್ರೈವಿಗೆ ಹೋಗೋ ವೈರಿಗೆ ಕನ್ವರ್ಟರ್ ಹಾಕಿ ಕೊಡ್ತೀನಿ, ನೂರೈವತ್ತು ರೂಪಾಯಿ ಅಂತ ಪಕ್ಕದ ಅಂಗಡೀಲಿ ಹೇಳಿದ್ರು. ಬೇಡ ಅಂದೆ. ಉಳಿದಿದ್ದರಲ್ಲಿ ಎಲ್ಲಿ ಬೇಕಾದ್ರೂ ಜುಗ್ಗತನ ಮಾಡಿ, ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ಬೇಡ, ಅದು ಹೋಗೋವಾಗ ಒಂದೇ ಹೋಗಲ್ಲ, ಮನೆಮಂದಿನೆಲ್ಲ ಕರ್ಕೊಂಡು ಹೋಗುತ್ತೆ. 550 ವಾಟಿಂದು, ಬ್ರಾಂಜ್ ರೇಟಿಂಗ್, 3,800 ಕೊಟ್ಟೆ.

ಮನೆಗೆ ಬಂದು ಹಾಕಿ, ಎಲ್ಲಾ ಸೆಟ್ಟಿಂಗ್ ಮೇಲಕ್ಕೇರಿಸಿ, ಬೆಂಗಳೂರು ಮೇಲೆ ಹಾರಿಸ್ತೀನಿ, ಸೆಕೆಂಡಿಗೆ ಹದಿನೆಂಟು ಫ್ರೇಮು, ಅಂದ್ರೆ ಹದಿನೆಂಟೇ ಚಿತ್ರ. ಹದಿನೆಂಟು! ಚಿತ್ರ ಚೆನ್ನಾಗಿದೆ, ಮೋಡ ಮೋಡದ ಥರಾನೇ ಇದೆ, ಆದ್ರೆ ತಿರುಗಿಸಿದ್ರೆ ಎತ್ತಿನಗಾಡಿ. ಹದಿನೈದು ಸಾವಿರ ನೀರಲ್ಲಿ ಹೋಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಇನ್ನೊಂದು ದಿನ ಸುಮ್ನೆ ಮಂಗಳೂರಿಂದ ಹೊರಟು ಸಮುದ್ರದ ಕಡೆ ತಿರುಗಿಸಿದ್ರೆ ಅದೇ ಮಷೀನು, ಅದೇ ಸೆಟ್ಟಿಂಗು, ಮೂವತ್ತೆಂಟು. ನೀರಿನ ಮೇಲೆ ಬೆಣ್ಣೆ ಥರ ಹೋಗೋದು ಊರಿನ ಮೇಲೆ ಯಾಕೆ ಏಗ್ತಾ ಇದೆ?

ಉತ್ತರ ಸಿಮ್ಯುಲೇಟರ್ ಒಳಗೇ ಇತ್ತು. ಸೆಟ್ಟಿಂಗಲ್ಲಿ ಡೆವಲಪರ್ ಮೋಡ್ ಅಂತ ಒಂದಿದೆ, ಆನ್ ಮಾಡಿದ್ರೆ ಮೇಲ್ಗಡೆ ಮೆನು ಬರುತ್ತೆ, ಅದ್ರಲ್ಲಿ ಫ್ರೇಮ್ ಎಣಿಸೋ ಒಂದು ಚೌಕ ಇದೆ. ಅದು ಎಷ್ಟು ಫ್ರೇಮ್ ಅನ್ನೋದರ ಜೊತೆಗೆ ಯಾರಿಂದ ಲೇಟ್ ಆಗ್ತಿದೆ ಅಂತಾನೂ ಬರೆದು ತೋರಿಸುತ್ತೆ. ನಂದ್ರಲ್ಲಿ 'ಲಿಮಿಟೆಡ್ ಬೈ ಮೇನ್ ಥ್ರೆಡ್' ಅಂತಿತ್ತು. ಅಂದ್ರೆ ಹೊಸ ಕಾರ್ಡ್ ಅರ್ಧ ಹೊತ್ತು ಕೈಕಟ್ಟಿ ಕೂತಿದೆ, ಪ್ರೊಸೆಸರ್ ಕೆಲಸ ಮುಗಿಸಿ ಕೊಡ್ತಾ ಇಲ್ಲ. ಆ ಚೌಕನ ಎರಡು ವಾರ ಮುಂಚೆ ನೋಡಿದ್ರೆ ಮೊದಲು ಬೇರೇನೇ ತರ್ತಿದ್ದೆ.

ನನ್ನ ಹೆಂಡತಿಗೆ ಇದನ್ನ ಹೇಳಿದ್ದು ಹೀಗೆ. ಮದುವೆ ಛತ್ರ ಅಂದ್ಕೋ. ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಬಡಿಸೋರು, ಮೇನ್ ಥ್ರೆಡ್ ಅಂದ್ರೆ ಹೆಡ್ ಭಟ್ಟರು. ತರಕಾರಿ ಹೆಚ್ಚೋಕೆ, ಕಾಯಿ ತುರಿಯೋಕೆ ಎಷ್ಟು ಜನ ಬೇಕಾದ್ರೂ ಹಾಕು, ಆದ್ರೆ ಸಾರಿಗೆ ಉಪ್ಪು ಹುಳಿ ನೋಡಿ ಇಳಿಸು ಅನ್ನೋರು ಒಬ್ಬರೇ. ವಿಮಾನಕ್ಕೆ ಗಾಳಿ ಎಲ್ಲಿ ತಳ್ತಾ ಇದೆ, ಇಂಜಿನ್ ಏನ್ಮಾಡ್ತಿದೆ, ಕಾಕ್‌ಪಿಟ್ ಮುಳ್ಳು ಎಲ್ಲಿರ್ಬೇಕು, ಕೆಳಗಡೆ ಯಾವ್ಯಾವ ಕಟ್ಟಡ ನಿಲ್ಲಿಸ್ಬೇಕು, ಇದರಲ್ಲಿ ಬಹುಪಾಲು ಆ ಒಬ್ಬರ ಕೈ ದಾಟಿಯೇ ಹೋಗ್ಬೇಕು. ಸಮುದ್ರದ ಮೇಲಾದ್ರೆ ಸಣ್ಣ ಗೃಹಪ್ರವೇಶ, ಬೆಂಗಳೂರಾದ್ರೆ ಎರಡು ಸಾವಿರ ಎಲೆ ಮದುವೆ. ನಾನು ಮಾಡಿದ್ದೇನಪ್ಪಾ ಅಂದ್ರೆ ಭಟ್ಟರು ಒಬ್ಬರೇ ಬೆವರ್ತಾ ಇರೋವಾಗ ಬಡಿಸೋಕೆ ಇನ್ನೂ ಹತ್ತು ಜನನ ಕರ್ಕೊಂಡು ಬಂದೆ. ಅವಳು ಕೇಳಿಸ್ಕೊಂಡು "ಹಂಗಾದ್ರೆ ಆ ಹತ್ತು ಜನನ ವಾಪಸ್ ಕಳ್ಸಿ" ಅಂದ್ಲು. ಸೆಕೆಂಡ್ ಹ್ಯಾಂಡ್ ಅಂಗಡಿಯೋರು ವಾಪಸ್ ತಗೊಳ್ಳಲ್ಲ ಅಂತ ಉಪಮೇಲಿ ಹೇಳೋಕೆ ಬರಲಿಲ್ಲ.

ಈ ರೋಗ ಹೊಸದಲ್ಲ. 2006ರಲ್ಲಿ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಬಂದಾಗಲೂ ಇದೇ ಗೋಳು, ಪ್ರೊಸೆಸರ್ ಒಳಗೆ ಕೆಲಸ ಮಾಡೋ ಘಟಕಕ್ಕೆ ಕೋರ್ ಅಂತಾರೆ, ಅಂಥ ಒಂದೇ ಕೋರಿನ ಮೇಲೆ ಎಲ್ಲಾ ಭಾರ, ಪ್ರೊಸೆಸರ್‌ಗಳ ಗಿಗಾಹರ್ಟ್ಸ್ ವರ್ಷಾ ವರ್ಷಾ ಏರೋದು ನಿಂತು ಅದರ ಬದಲು ಕೋರ್‌ಗಳ ಸಂಖ್ಯೆ ಜಾಸ್ತಿ ಆಗ್ತಾ ಹೋದ ಕಾಲ ಅದು, ಮಾರನೇ ವರ್ಷ ಸರ್ವಿಸ್ ಪ್ಯಾಕ್ ಬಿಟ್ಟು ಒಂಚೂರು ಸರಿ ಮಾಡಿದ್ರು.

ಮೊದಲು ದುಡ್ಡಿಲ್ಲದೆ ಆಗೋದನ್ನ ಮಾಡಿದೆ. ಟೆರೈನ್ ಲೆವೆಲ್ ಆಫ್ ಡೀಟೇಲ್, ಅಂದ್ರೆ ನೆಲ ಎಷ್ಟು ವಿವರವಾಗಿ ಕಾಣ್ಬೇಕು ಅನ್ನೋದನ್ನ ಜಂಬಕ್ಕೆ 200ರಲ್ಲಿ ಇಟ್ಟಿದ್ದೆ, 100ಕ್ಕೆ ಇಳಿಸಿದೆ. ಏರ್‌ಪೋರ್ಟಲ್ಲಿ ಓಡಾಡೋ ಗಾಡಿ, ಜನ, ಬೇರೆ ವಿಮಾನ ಎಲ್ಲಾ ತೆಗೆದೆ. ಟಿವಿ ಥರ ಸ್ಕ್ರೀನ್ ಇರೋ ಕಾಕ್‌ಪಿಟ್ ಬಿಟ್ಟು ಹಳೇ ಮುಳ್ಳಿನ ಗಡಿಯಾರದ ಥರ ಮೀಟರ್ ಇರೋ ಸೆಸ್ನಾ 172ಕ್ಕೆ ಬಂದೆ, ಆ ಸ್ಕ್ರೀನ್‌ಗಳನ್ನ ಬರೆಯೋದೂ ಪ್ರೊಸೆಸರಿಗೆ ದೊಡ್ಡ ಹೊರೆ. ಹದಿನೆಂಟು ಇಪ್ಪತ್ನಾಲ್ಕಾಯ್ತು. ಪೈಸಾ ಖರ್ಚಿಲ್ಲ. ಕಾರ್ಡ್ ತಗೊಳ್ಳೋ ಮುಂಚೆ ಮಾಡ್ಬೇಕಾಗಿದ್ದ ಕೆಲಸ.

ಪ್ರೊಸೆಸರ್ ವಿಷಯಕ್ಕೆ ಬಂದ್ರೆ, ಬಿ450 ಬೋರ್ಡ್ ತಗೊಂಡಿದ್ದು ನನ್ನ ಜಾಣತನ ಅಲ್ಲ, ಅದೃಷ್ಟ. ಎಎಂಡಿಯೋರ ಎಎಂ4 ಸಾಕೆಟ್ಟು, ಅದೇ ಬೋರ್ಡಿಗೆ ನಾಲ್ಕು ವರ್ಷ ಆದ್ಮೇಲೆ ಬಂದ ಪ್ರೊಸೆಸರೂ ಕೂರುತ್ತೆ. ಬೋರ್ಡ್, ರ‍್ಯಾಮ್ ಎಲ್ಲಾ ಬದಲಾಯಿಸೋ ಹಾಗಿದ್ದಿದ್ರೆ ಈ ಕಥೆ ಇಲ್ಲಿಗೇ ನಿಲ್ತಿತ್ತು. ಸಿಮ್ಯುಲೇಟರಿಗೆ ಕ್ಯಾಶ್ ಅಂದ್ರೆ ಪ್ರಾಣ. ಕ್ಯಾಶ್ ಅಂದ್ರೆ ಭಟ್ಟರ ಕೈಗೆಟುಕೋ ಜಾಗದಲ್ಲಿರೋ ಉಪ್ಪು, ಹುಳಿ, ಸಾಸಿವೆ ಡಬ್ಬಿ, ರ‍್ಯಾಮ್ ಅಂದ್ರೆ ಹಿಂದ್ಗಡೆ ಉಗ್ರಾಣ. ಡಬ್ಬಿ ಸಣ್ಣದಾದಷ್ಟೂ ಉಗ್ರಾಣಕ್ಕೆ ಓಡಾಟ. ನನ್ನ 2200ಜಿಲಿ ಎಲ್3 ಕ್ಯಾಶ್ ಬರೀ 4 ಎಂಬಿ. ರೈಜನ್ 5 5600ರಲ್ಲಿ 32. ಇವೆರಡಕ್ಕೂ ಅಪ್ಪ 5800ಎಕ್ಸ್3ಡಿ, 96 ಎಂಬಿ, ಸಿಮ್ ಹುಚ್ಚರೆಲ್ಲ ಅದರ ಹಿಂದೆ ಬಿದ್ದಿದ್ರು, ಅದೊಂದಕ್ಕೇ ನನ್ನ ಪೂರ್ತಿ ಚೀಟಿ ದುಡ್ಡಿನಷ್ಟು ರೇಟು. ಆಸೆ ಪಟ್ಟು, ಬಿಟ್ಟು, 5600 ತಗೊಂಡೆ, 12,200. ರ‍್ಯಾಮಿಗೆ 16 ಜಿಬಿ, ಆದ್ರೆ 8ರ ಎರಡು ಕಡ್ಡಿ. ಒಂದೇ ಕಡ್ಡಿ ಅಂದ್ರೆ ಉಗ್ರಾಣಕ್ಕೆ ಒಂದೇ ಬಾಗಿಲು, ಎರಡು ಕಡ್ಡಿ ಹಾಕಿದ್ರೆ ಎರಡು. ನಾಲ್ಕು ವರ್ಷ ಒಂದೇ ಬಾಗಿಲಲ್ಲಿ ಓಡಿಸಿದ್ದೀನಿ ಅಂತ ಯೋಚಿಸಿದ್ರೆ ಈಗಲೂ ಹೊಟ್ಟೆ ಉರಿಯುತ್ತೆ, 2018ರಲ್ಲಿ 4ರ ಎರಡು ಕೊಡಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು.

ಹಳೇ ಬೋರ್ಡು ಹೊಸ ಪ್ರೊಸೆಸರನ್ನ ಗುರುತಿಸ್ಬೇಕು ಅಂದ್ರೆ ಬಯಾಸ್ (ಬೋರ್ಡಿನೊಳಗೇ ಇರೋ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ಬೇಕು, ಅದೂ ಹಳೇ ಪ್ರೊಸೆಸರ್ ಇರೋವಾಗಲೇ. ಉಲ್ಟಾ ಮಾಡಿದ್ರೆ ಸ್ಕ್ರೀನೇ ಬರಲ್ಲ. ಆ ನಾಲ್ಕೈದು ನಿಮಿಷದಲ್ಲಿ ಕರೆಂಟ್ ಹೋದ್ರೆ ಬೋರ್ಡ್ ಕಥೆ ಮುಗೀತು ಅಂತ ಎಲ್ರೂ ಹೆದರಿಸಿದ್ರು. ನಮ್ಮ ಏರಿಯಾದಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅನ್ನೋದಕ್ಕೆ ಪಂಚಾಂಗ ಇಲ್ಲ. ಯುಪಿಎಸ್ ಇದೆ, 600 ವಿಎದು, ಆದ್ರೆ ಬ್ಯಾಟರಿ ಸತ್ತು ಯಾವ ಕಾಲ ಆಗಿತ್ತೋ, ಕರೆಂಟ್ ಹೋದ್ರೆ ಅದೂ ಜೊತೇಲೇ ಹೋಗೋದು. 12 ವೋಲ್ಟ್, 7 ಎಎಚ್ ಬ್ಯಾಟರಿ ಹೊಸದು 950 ರೂಪಾಯಿ ಕೊಟ್ಟು ತಂದು ಹಾಕಿದೆ. ಯಾವ ಬಜೆಟ್ ಪಟ್ಟೀಲೂ ಯಾರೂ ಬರೆಯದ ಐಟಂ ಇದು. ಭಾನುವಾರ ಬೆಳಗಿನ ಜಾವ ಐದಕ್ಕೆ ಎದ್ದು ಪೆನ್‌ಡ್ರೈವ್ ಹಾಕಿ ಅಪ್‌ಡೇಟ್ ಕೊಟ್ಟು, ಪರ್ಸೆಂಟ್ ಏರೋದನ್ನ ನೋಡ್ತಾ ನಿಂತೆ. ಕರೆಂಟ್ ಹೋಗಲಿಲ್ಲ. ಹೋಗಲ್ಲ ಬಿಡಿ, ನಾವು ರೆಡಿ ಇದ್ದಾಗ ಅದು ಯಾವತ್ತೂ ಹೋಗಲ್ಲ.

ಎಡವಿದ್ದು ಆಮೇಲೆ. ಮಷೀನ್ ಆಫ್ ಮಾಡಿ, ಸ್ನಾನ ತಿಂಡಿ ಮುಗಿಸಿ ಬಂದು, ಹೀಟ್‌ಸಿಂಕಿನ ನಾಲ್ಕೂ ಸ್ಕ್ರೂ ಬಿಚ್ಚಿ ಮೇಲಕ್ಕೆ ಎಳೆದೆ. ಬರಲಿಲ್ಲ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ಮಧ್ಯೆ ಬಿಸಿ ದಾಟಿಸೋಕೆ ಹಚ್ಚಿದ್ದ ನಾಲ್ಕು ವರ್ಷದ ಪೇಸ್ಟ್ ಒಣಗಿ ಗೋಂದಾಗಿತ್ತು. ಇನ್ನೊಂಚೂರು ಎಳೆದೆ. ಚಟ್ ಅಂತ ಸದ್ದಾಗಿ ಕೈಗೆ ಬಂತು, ತಿರುಗಿಸಿ ನೋಡ್ತೀನಿ, ಪ್ರೊಸೆಸರೂ ಅದರ ತಳಕ್ಕೆ ಅಂಟ್ಕೊಂಡು ಬಂದಿದೆ. ಸಾಕೆಟ್ಟಿನ ಲಿವರ್ ಹಾಕಿದ್ದು ಹಾಕಿದ ಹಾಗೇ ಇದೆ, ಬೇರು ಸಮೇತ ಹಲ್ಲು ಕಿತ್ತ ಹಾಗೆ. ಅದರ ಕಾಲಲ್ಲಿ 1331 ಪಿನ್ನು, ಕೂದಲಿನಷ್ಟು ಸಣ್ಣ, ಚಿನ್ನದ ಬಣ್ಣ. ಒಂದು ಮೂಲೇಲಿ ಆರು ಬಗ್ಗಿತ್ತು. ಬೋರ್ಡಿಗೆ ಏನೂ ಆಗಿರಲಿಲ್ಲ, ಪುಣ್ಯ. ಮಗಳ ಪೆನ್ ಪೆನ್ಸಿಲ್ ತಗೊಂಡು ಕಡ್ಡಿ ತೆಗೆದು, ಆ ಖಾಲಿ ತೂತನ್ನ ಒಂದೊಂದು ಪಿನ್ನಿಗೂ ಟೋಪಿ ಹಾಕಿದ ಹಾಗೆ ಹಾಕಿ, ಉಸಿರು ಬಿಗಿ ಹಿಡಿದು ನೆಟ್ಟಗೆ ಮಾಡಿದೆ. ಒಂದು ಗಂಟೆ ಹಿಡೀತು. ಅವಳು ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಿಡ್ಕೊಂಡು "ಅಪ್ಪಾ ಕೈ ನಡುಗ್ತಿದೆ" ಅಂತ ನಡುನಡುವೆ ಮಾಹಿತಿ ಕೊಡ್ತಿದ್ಲು. ನೀವು ಮಾಡೋದಾದ್ರೆ ಮಷೀನನ್ನ ಒಂದು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ ಆಫ್ ಮಾಡಿ, ಪೇಸ್ಟ್ ಮೆತ್ತಗಿರೋವಾಗಲೇ ಸ್ಕ್ರೂ ಬಿಚ್ಚಿ, ಡಬ್ಬಿ ಮುಚ್ಚಳ ತೆಗೆಯೋ ಹಾಗೆ ಆ ಕಡೆ ಈ ಕಡೆ ತಿರುಗಿಸಿ ತೆಗೀರಿ, ಎಳೀಬೇಡಿ.

ಹೊಸದು ಕೂತ್ಮೇಲೆ ಅದೇ ಬೆಂಗಳೂರು, ಅದೇ ಸೆಟ್ಟಿಂಗು, ನಲವತ್ತು ದಾಟ್ತು. ನಾನು ಅದನ್ನ ಮೂವತ್ತಕ್ಕೆ ಕಟ್ಟಿಹಾಕಿದ್ದೀನಿ. ಬಂದೂಕಿನ ಗೇಮ್ ಆಡೋ ಹುಡುಗರು ನಗ್ತಾರೆ, ನಗಲಿ, ನಲವತ್ತೈದರಿಂದ ಇಪ್ಪತ್ತೈದಕ್ಕೆ ಏರಿಳಿಯೋದಕ್ಕಿಂತ ಒಂದೇ ಸಮ ಮೂವತ್ತು ಹೋದ್ರೆ ಕಣ್ಣಿಗೂ ಕೈಗೂ ಹಿತ. 1 ಟಿಬಿ ಎಸ್‌ಎಸ್‌ಡಿನೂ ಹಾಕಿದೆ, 4,600. ಅದರಿಂದ ಫ್ರೇಮ್ ಏರಲ್ಲ, ಮುಂಚೆ ಶುರು ಕೊಟ್ಟು ಅಡುಗೆಮನೆಗೆ ಹೋಗಿ ಕಾಫಿ ಮಾಡ್ಕೊಂಡು ಬಂದ್ರೂ ಇನ್ನೂ ಲೋಡ್ ಆಗ್ತಿದ್ದಿದ್ದು ಈಗ ಹಾಲು ಕಾಯೋ ಮುಂಚೆ ಆಗುತ್ತೆ. ರ‍್ಯಾಮ್ 3,400. ಎಲ್ಲಾ ಕೂಡಿಸಿದ್ರೆ 36,450. ಮನೇಲಿ ಗೊತ್ತಿರೋದು ಮೂವತ್ತು. ಹಳೇ ಪ್ರೊಸೆಸರ್, ಆರು ಪಿನ್ನಿನ ಕಥೆ ಹೇಳಿಯೇ, ಒಬ್ಬ ಹುಡುಗನಿಗೆ ಸಾವಿರದೈನೂರಕ್ಕೆ ಕೊಟ್ಟೆ, ಈಗಲೂ ಓಡ್ತಿದ್ಯಂತೆ.

ತಲೆ ತಿರುಗಿಸಿದ ಕಡೆ ಕಾಕ್‌ಪಿಟ್ ನೋಟ ತಿರುಗಿಸೋ ಯಂತ್ರಗಳಿಗೆ ಜನ ಹತ್ತು ಸಾವಿರದ ಮೇಲೆ ಸುರೀತಾರೆ. ಓಪನ್‌ಟ್ರ್ಯಾಕ್ ಅಂತ ಪುಕ್ಸಟ್ಟೆ ಸಾಫ್ಟ್‌ವೇರ್ ಇದೆ, ಮಗಳು ಆನ್‌ಲೈನ್ ಕ್ಲಾಸಿಗೆ ಇಟ್ಕೊಂಡಿದ್ದ ವೆಬ್‌ಕ್ಯಾಮ್ ಸಾಕು, ಮುಖ ಗುರುತಿಸಿ ಕೆಲಸ ಮಾಡುತ್ತೆ. ನಾನು ಕತ್ತಲೆ ರೂಮಲ್ಲಿ ಒಬ್ಬನೇ ಕೂತು ಬಲಕ್ಕೊಂದ್ಸಲ ಎಡಕ್ಕೊಂದ್ಸಲ ಕತ್ತು ನಿಗುರಿಸೋದನ್ನ ನೋಡಿ ನಮ್ಮತ್ತೆ ಒಂದಿನ ಹೆಂಡತಿ ಹತ್ರ ಮೆಲ್ಲಗೆ ಏನೋ ಕೇಳಿದ್ರು. ಜಾಯ್‌ಸ್ಟಿಕ್ ಸೆಕೆಂಡ್ ಹ್ಯಾಂಡು, ಯಾರೋ ಸ್ನೇಹಿತರು ಕೊಟ್ಟಿದ್ದು, ಸುಮ್ನೆ ಬಿಟ್ರೂ ಎಡಕ್ಕೆ ಎಳೆಯುತ್ತೆ, ಡೆಡ್ ಝೋನ್ (ಸಣ್ಣ ಅಲ್ಲಾಟನ ಲೆಕ್ಕಕ್ಕೆ ತಗೊಳ್ಳದ ಜಾಗ) ಒಂಚೂರು ಜಾಸ್ತಿ ಕೊಟ್ಟು ಸುಮ್ನಿರಿಸಿದ್ದೀನಿ.

ಈಗ ತುಮಕೂರು ಮೇಲೂ ಹಾರ್ತೀನಿ. ಜಕ್ಕೂರಿಂದ ಹೊರಟು ಹೈವೇ ಹಿಡ್ಕೊಂಡು ಬಂದ್ರೆ ಎಡಗಡೆ ಶಿವಗಂಗೆ, ಬಲಗಡೆ ದೇವರಾಯನದುರ್ಗ, ಮುಂದೆ ಅಮಾನಿಕೆರೆ, ಅಲ್ಲಿಂದ ನಮ್ಮನೆ ರೋಡ್ ಹುಡುಕಬಹುದು. ಮನೆಗಳೆಲ್ಲ ಉಪಗ್ರಹದ ಚಿತ್ರ ನೋಡಿ ಕಂಪ್ಯೂಟರ್ ಊಹೆ ಮಾಡಿ ಕಟ್ಟಿರೋದು, ಹಾಗಾಗಿ ನಮ್ಮ ಒಂದೇ ಅಂತಸ್ತಿನ ಮನೆ ಅಲ್ಲಿ ಎರಡಂತಸ್ತಾಗಿದೆ. ಲೋನಿಲ್ಲದೆ ಮೇಲೊಂದು ಕಟ್ಟಿಸಿದ ಹಾಗಾಯ್ತು.

ಮೊನ್ನೆ ರಾತ್ರಿ ಜಕ್ಕೂರಿಂದ ಮೈಸೂರಿಗೆ ಹೊರಟಿದ್ದೆ, ಸಿಮ್ಯುಲೇಟರಲ್ಲಿ ಸಂಜೆ ಐದೂವರೆ ಇಟ್ಕೊಂಡು. ಸಾವನದುರ್ಗ ದಾಟಿ, ದೂರದಲ್ಲಿ ಕೆಆರ್‌ಎಸ್ ನೀರು ಬಿಸಿಲಿಗೆ ತಗಡಿನ ಥರ ಹೊಳೀತಿತ್ತು. ಪೂರ್ವದ ಕಡೆಯಿಂದ ಬಂದು ಮೈಸೂರು ಏರ್‌ಪೋರ್ಟ್ ಇರೋ ಮಂಡಕಳ್ಳಿಯ 27 ನಂಬರಿನ ರನ್‌ವೇಗೆ ಸಾಲು ಹಿಡಿದೆ, ಬಲಗಡೆ ಚಾಮುಂಡಿ ಬೆಟ್ಟ, ವೇಗ 65 ನಾಟ್, ರೆಕ್ಕೆಯ ಫ್ಲಾಪ್ ಪೂರ್ತಿ ಇಳಿಸಿದೆ. ಆಗ ಕರೆಂಟ್ ಹೋಯ್ತು. ರೂಮೆಲ್ಲ ಕತ್ತಲೆ, ಕಾಲ ಹತ್ರ ಯುಪಿಎಸ್ ಕುಯ್ಯೋ ಅಂತ ಶುರು ಮಾಡ್ತು, ಇಂಟರ್‌ನೆಟ್ ಡಬ್ಬಿ ಸತ್ತಿದ್ದಕ್ಕೆ ಸ್ಕ್ರೀನ್ ಮೇಲೆ ಕನೆಕ್ಷನ್ ಇಲ್ಲ ಅಂತ ಒಂದು ಚೌಕ ಬಂತು, ದೂರದ ನೆಲ ಮಸುಕಾಗ್ತಾ ಬಂತು. ಆ ಬ್ಯಾಟರಿ ಈ ಲೋಡಿಗೆ ಮೂರು ನಿಮಿಷ ತಡೆಯುತ್ತೆ, ಅಷ್ಟೇ. ಬುದ್ಧಿ ಇರೋನು ಶಟ್‌ಡೌನ್ ಒತ್ತುತ್ತಾನೆ. ನಾನು ಚೌಕ ಮುಚ್ಚಿ, ತುದಿ ದಾಟಿಸಿ, ಪವರ್ ಇಳಿಸಿ, ರನ್‌ವೇ ಎದ್ದು ಬರೋದನ್ನ ನೋಡ್ತಾ ಮೂತಿ ಎತ್ತಿದೆ, ಎಲ್ಲೂ ತಡವರಿಸಲಿಲ್ಲ, ಹಿಂದಿನ ಎರಡು ಚಕ್ರ ಮೊದಲು ಕೂತವು, ಮುಂದಿಂದು ತನ್ನಷ್ಟಕ್ಕೆ ಆಮೇಲೆ. ಪಾರ್ಕಿಂಗ್ ಬ್ರೇಕ್ ಹಾಕಿ, ಮಿಕ್ಸ್ಚರ್ ಎಳೆದು ಇಂಜಿನ್ ನಿಲ್ಲಿಸಿ, ಆಮೇಲೇ ಕಂಪ್ಯೂಟರ್ ಆಫ್ ಮಾಡಿದ್ದು.

ಹಾಲಿಂದ ಹೆಂಡತಿ ಧ್ವನಿ ಬಂತು. "ರೀ, ಇಳಿದ್ರಾ? ಇಳಿದಿದ್ರೆ ಆ ಮೇಣದಬತ್ತಿ ಎಲ್ಲಿಟ್ಟಿದ್ದೀರ ಹೇಳಿ."